ಎಷ್ಟು ಹೊತ್ತು ಉಣ್ಣಬೇಕು, ಯಾವ ಹೊತ್ತಿಗೆ ಉಣ್ಣಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಆಹಾರ ಸಲಹೆ ಕೊಡುವುದು ನನ್ನ ಕೆಲಸ. ಪೇಟೆಯವರು ಬರುತ್ತಾರೆ, ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯ ರೈತರು ಬರುತ್ತಾರೆ, ಸಕಲೇಶಪುರ, ಮೂಡಿಗೆರೆ ಕಡೆಯ ತೋಟದವರೂ ಬರುತ್ತಾರೆ. ಮೊದಲೆಲ್ಲ ಏನು ತಿನ್ನಬೇಕು ಅಂತ ಕೇಳುತ್ತಿದ್ದರು. ಈಗ ಯಾವಾಗ ತಿನ್ನಬೇಕು, ಎಷ್ಟು ಸಲ ತಿನ್ನಬೇಕು ಅನ್ನುವವರೇ ಜಾಸ್ತಿ. ವಾಟ್ಸಾಪ್ ಮಹಿಮೆ ಇರಬೇಕು. ಹಾಗೆ ಬಂದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಶುಗರ್ ಮಾತ್ರೆ ನುಂಗುವವರು, ಇನ್ಸುಲಿನ್ ತೆಗೆದುಕೊಳ್ಳುವವರು ಬೇರೆಲ್ಲ ಬಿಟ್ಟು ಮೊದಲು ಮಾತ್ರೆಯ ಬಗ್ಗೆ ಇರುವ ಪ್ರಶ್ನೆ ಓದಿ.

ದಿನಕ್ಕೆ ಎಷ್ಟು ಸಲ ತಿಂದರೆ ಒಳ್ಳೆಯದು?

ಇಂತಿಷ್ಟೇ ಅಂತ ಕಟ್ಟುನಿಟ್ಟಿಲ್ಲ. ಎರಡು ಸಲ ತಿಂದು ಚೆನ್ನಾಗಿರುವವರಿದ್ದಾರೆ, ನಾಲ್ಕು ಸಲ ತಿಂದು ಚೆನ್ನಾಗಿರುವವರೂ ಇದ್ದಾರೆ. ಇಡೀ ದಿನದಲ್ಲಿ ಏನು ತಿಂದಿರಿ, ಒಟ್ಟು ಎಷ್ಟು ತಿಂದಿರಿ ಅನ್ನುವುದು ಮೊದಲು. ಎಷ್ಟು ಸಲ ಅನ್ನುವುದು ಆಮೇಲಿನ ಮಾತು.

"ಸ್ವಲ್ಪ ಸ್ವಲ್ಪವೇ ಆರು ಸಲ ತಿನ್ನಿ, ಮೆಟಬಾಲಿಸಂ (ದೇಹ ಶಕ್ತಿ ಖರ್ಚು ಮಾಡುವ ವೇಗ) ಜೋರಾಗುತ್ತದೆ" ಅಂತ ಜಿಮ್‌ಗಳಲ್ಲಿ ಹೇಳಿಕೊಡುತ್ತಾರೆ. ಅದು ನಿಜವಲ್ಲ. ಉಂಡದ್ದನ್ನು ಅರಗಿಸಲು ದೇಹ ಒಂದಿಷ್ಟು ಶಕ್ತಿ ಖರ್ಚು ಮಾಡುತ್ತದೆ, ಸರಿ. ಆದರೆ ಆ ಖರ್ಚು ಉಂಡ ಪ್ರಮಾಣಕ್ಕೆ ತಕ್ಕಷ್ಟು, ಸುಮಾರು ನೂರಕ್ಕೆ ಹತ್ತು ಪಾಲು. ಎರಡು ಮುದ್ದೆಯನ್ನು ಒಂದೇ ಸಲ ಉಂಡರೂ ಅಷ್ಟೇ, ನಾಲ್ಕು ಕಂತಿನಲ್ಲಿ ಉಂಡರೂ ಅಷ್ಟೇ.

2014ರಲ್ಲಿ ಪ್ರಾಗ್ ನಗರದ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಟೈಪ್ 2 ಸಕ್ಕರೆ ಕಾಯಿಲೆ ಇದ್ದ 54 ಜನರಿಗೆ 12 ವಾರ ದಿನಕ್ಕೆ ಆರು ಸಣ್ಣ ಊಟ ಕೊಟ್ಟರು. ಇನ್ನೊಂದು 12 ವಾರ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಎರಡೇ ದೊಡ್ಡ ಊಟ. ಒಟ್ಟು ಕ್ಯಾಲೊರಿ ಎರಡರಲ್ಲೂ ಒಂದೇ. ಆರು ಊಟದಲ್ಲಿ ಸರಾಸರಿ 2.3 ಕಿಲೊ ತೂಕ ಇಳಿಯಿತು, ಎರಡು ಊಟದಲ್ಲಿ 3.7 ಕಿಲೊ. ಹಾಗಂತ ಎಲ್ಲರೂ ರಾತ್ರಿ ಊಟ ಬಿಡಿ ಅಂತ ನಾನು ಹೇಳುವುದಿಲ್ಲ. ಎಷ್ಟೋ ಮನೆಗಳಲ್ಲಿ ಎಲ್ಲರೂ ಒಟ್ಟಿಗೆ ಕೂರುವುದು ಆ ಒಂದು ಊಟಕ್ಕೇ. ಆರು ಸಲ ತಿನ್ನಲೇಬೇಕು ಅನ್ನುವ ಮಾತನ್ನು ಮಾತ್ರ ಧೈರ್ಯವಾಗಿ ಬಿಟ್ಟುಬಿಡಿ.

ಚಿಕ್ಕ ಮಕ್ಕಳು, ವಾಕರಿಕೆ ಇರುವ ಬಸುರಿಯರು, ಹೊಟ್ಟೆಯ ಆಪರೇಷನ್ ಆದವರು, ಒಂದೇ ಸಲಕ್ಕೆ ಜಾಸ್ತಿ ಉಣ್ಣಲಾಗದ ವಯಸ್ಸಾದವರು, ಇವರ ವಿಷಯ ಬೇರೆ. ಇವರಿಗೆ ಸ್ವಲ್ಪ ಸ್ವಲ್ಪವೇ ಹಲವು ಸಲ ಕೊಡುವುದೇ ಸರಿ.

"ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ" ಅಂತಾರಲ್ಲ, ಹಾಗಾದರೆ ನಾವೆಲ್ಲ ರೋಗಿಗಳಾ?

ಈ ಗಾದೆ ಕಟ್ಟಿದವರು ಬಿಸ್ಕೆಟ್ ಪೊಟ್ಟಣ ಕಂಡಿರಲಿಲ್ಲ. ಕೆಸರಲ್ಲಿ ನಿಂತು ನಾಟಿ ಮಾಡಿದವರು ಮೂರು ಹೊತ್ತು ಉಂಡೇ ಗಟ್ಟಿಮುಟ್ಟಾಗಿದ್ದರು.

"ನಾವು ಮೂರೇ ಹೊತ್ತು ಉಣ್ಣೋದು" ಅನ್ನುವವರ ಕೈಯಲ್ಲಿ ನಾನು ಬಾಯಿಗೆ ಹೋದದ್ದನ್ನೆಲ್ಲ ಬರೆಸುತ್ತೇನೆ. ಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ: ಬೆಳಗ್ಗೆ ಆರಕ್ಕೆ ಕಾಫಿ, ಜೊತೆಗೆ ಎರಡು ಬಿಸ್ಕೆಟ್. ಒಂಬತ್ತಕ್ಕೆ ತಿಂಡಿ. ಹನ್ನೊಂದಕ್ಕೆ ಆಫೀಸಿನ ಟೀ. ಎರಡಕ್ಕೆ ಊಟ. ನಾಲ್ಕೂವರೆಗೆ ಕಾಫಿ, ನಿಪ್ಪಟ್ಟು. ಮಹಾರಾಜ ಪಾರ್ಕ್ ಕಡೆ ವಾಕಿಂಗ್ ಹೋದಾಗ ಚುರುಮುರಿ. ರಾತ್ರಿ ಹತ್ತಕ್ಕೆ ಊಟ. ಮಲಗುವಾಗ ಹಾಲು, ಬಾಳೆಹಣ್ಣು. ಎಣಿಸಿ ನೋಡಿ, ಎಂಟು ಸಲ! ಬೆಳಗ್ಗೆ ಆರರಿಂದ ರಾತ್ರಿ ಹತ್ತೂವರೆವರೆಗೆ ಹೊಟ್ಟೆಗೆ ಬಿಡುವೇ ಇಲ್ಲ.

ಇದು ನಮ್ಮೂರಿಗೆ ಮಾತ್ರ ಅಂಟಿದ್ದಲ್ಲ. ಒಡಿಶಾದಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ ಕೆಲಸ ಮಾಡುವ ವಿಜ್ಞಾನಿ ಸಚ್ಚಿದಾನಂದ ಪಾಂಡಾ ಅವರು ಅಮೆರಿಕದ ಜನರಿಗೆ ತಿಂದದ್ದನ್ನೆಲ್ಲ ಮೊಬೈಲ್‌ನಲ್ಲಿ ಫೋಟೊ ತೆಗೆಯಲು ಹೇಳಿದ್ದರು. 2015ರಲ್ಲಿ ಫಲಿತಾಂಶ ಬಂತು. ಅರ್ಧಕ್ಕಿಂತ ಹೆಚ್ಚು ಜನ ದಿನದ 15 ಗಂಟೆ ಅಥವಾ ಅದಕ್ಕೂ ಜಾಸ್ತಿ ಹೊತ್ತು ಏನಾದರೂ ತಿನ್ನುತ್ತಲೇ ಇದ್ದರು.

ಹೊಟ್ಟೆಗೆ ಗಂಟೆ ಗೊತ್ತಾಗುತ್ತದಾ? ಎಷ್ಟೊತ್ತಿಗೆ ತಿಂದರೂ ಅದೇ ಅನ್ನ ಅಲ್ವಾ?

ಅನ್ನ ಅದೇ, ಉಣ್ಣುವ ದೇಹ ಅದೇ ಅಲ್ಲ.

ನಮ್ಮ ಮೆದುಳಿನ ಬುಡದಲ್ಲಿ ಒಂದು ಪುಟ್ಟ ಗಡಿಯಾರ ಇದೆ. ಕಣ್ಣಿಗೆ ಬೀಳುವ ಬೆಳಕಿನಿಂದ ಅದು ಹೊತ್ತು ತಿಳಿಯುತ್ತದೆ. ಲಿವರ್, ಕರುಳು, ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿ, ಕೊಬ್ಬಿನ ಜೀವಕೋಶಗಳು, ಇವಕ್ಕೂ ಒಂದೊಂದು ಗಡಿಯಾರ ಇದೆ. ಅವುಗಳಿಗೆ ಊಟದ ಹೊತ್ತೂ ಒಂದು ಸೂಚನೆ. ಜೀವಕೋಶದೊಳಗೆ ಈ ಗಡಿಯಾರ ಹೇಗೆ ನಡೆಯುತ್ತದೆ ಅಂತ ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್, ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಬಂತು. ಹೊರಗೆ ಕತ್ತಲಾಗಿ ಮೆದುಳು ಮಲಗುವ ತಯಾರಿಯಲ್ಲಿರುವಾಗ ನಾವು ಬಿಸಿಬಿಸಿ ಮುದ್ದೆ ಇಳಿಸಿದರೆ ಎರಡು ಗಡಿಯಾರಗಳಿಗೂ ಜಗಳ.

ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಬೆಳಗ್ಗೆ ಹೊತ್ತು ಚುರುಕಾಗಿ ಕೆಲಸ ಮಾಡುತ್ತದೆ. ಸಂಜೆಯಾಗುತ್ತ ಮಂದವಾಗುತ್ತದೆ. ಕತ್ತಲಾದ ಮೇಲೆ ಮೆಲಟೋನಿನ್ ಅನ್ನುವ ಹಾರ್ಮೋನು ಏರುತ್ತದೆ. ಅದು ನಿದ್ದೆಗೆ ಸಿದ್ಧ ಮಾಡುವುದರ ಜೊತೆಗೆ ಇನ್ಸುಲಿನ್ ಬಿಡುಗಡೆಯನ್ನೂ ತಗ್ಗಿಸುತ್ತದೆ. ಹೋಟೆಲಿನವರು ಒಲೆ ಆರಿಸಿ, ಪಾತ್ರೆ ತೊಳೆಯಲು ಹಾಕಿದ ಮೇಲೆ ಒಂದು ಬಸ್ಸಿನ ಜನ ಊಟಕ್ಕೆ ಬಂದರೆ ಹೇಗೋ ಹಾಗೆ. ಕೆಲಸ ಆಗುತ್ತದೆ, ಆದರೆ ನಿಧಾನ. ಅಷ್ಟು ಹೊತ್ತೂ ಸಕ್ಕರೆ ರಕ್ತದಲ್ಲೇ ಸುತ್ತುತ್ತಿರುತ್ತದೆ.

ನಮ್ಮ ಮನೆಯಲ್ಲಿ ಧಾರಾವಾಹಿ ಮುಗಿದ ಮೇಲೇ ಊಟ. ಹತ್ತಾಗುತ್ತದೆ. ಏನಾಗುತ್ತದೆ?

ನನ್ನನ್ನು ಕೇಳಿದರೆ ನಮ್ಮ ಕಡೆ ಮೊದಲು ಸರಿಮಾಡಬೇಕಾದದ್ದು ಇದೊಂದೇ. ಉಪವಾಸ, ಡಯಟ್ಟು ಎಲ್ಲ ಆಮೇಲೆ.

2022ರಲ್ಲಿ ಬಾಸ್ಟನ್ ಸಂಶೋಧಕರು ತೂಕ ಜಾಸ್ತಿ ಇದ್ದ 16 ಜನರನ್ನು ಲ್ಯಾಬಿನಲ್ಲೇ ಇರಿಸಿಕೊಂಡು ಒಂದು ಪ್ರಯೋಗ ಮಾಡಿದರು. ಊಟ ಅದೇ, ಪ್ರಮಾಣ ಅದೇ. ಒಂದು ಸಲ ಬೇಗ ಕೊಟ್ಟರು, ಇನ್ನೊಂದು ಸಲ ಸುಮಾರು ನಾಲ್ಕು ಗಂಟೆ ತಡವಾಗಿ ಕೊಟ್ಟರು. ತಡವಾಗಿ ಉಂಡಾಗ ಹಸಿವು ಹೆಚ್ಚಿತು, "ಸಾಕು" ಅಂತ ಹೇಳುವ ಲೆಪ್ಟಿನ್ ಹಾರ್ಮೋನು ಕಮ್ಮಿಯಾಯಿತು, ದೇಹ ಖರ್ಚು ಮಾಡುವ ಶಕ್ತಿಯೂ ಇಳಿಯಿತು. ಜನ ಕಮ್ಮಿ, ಅಳೆದದ್ದು ಮಾತ್ರ ಬಹಳ ಎಚ್ಚರಿಕೆಯಿಂದ.

ಎರಡನೆಯದು ಎದೆಯುರಿ. ಗಟ್ಟಿ ಊಟ ಹೊಟ್ಟೆಯಿಂದ ಕರುಳಿಗೆ ಇಳಿಯಲು ಸುಮಾರು ನಾಲ್ಕು ಗಂಟೆ ಬೇಕು. ಹತ್ತಕ್ಕೆ ಉಂಡು ಹತ್ತೂವರೆಗೆ ಅಡ್ಡಾದರೆ ಹೊಟ್ಟೆಯ ಆಮ್ಲ ಮೇಲಕ್ಕೆ ಬರುತ್ತದೆ. ಬೆಳಗ್ಗೆ ಹುಳಿ ತೇಗು, ಗಂಟಲು ಕೆರೆತ. ಗ್ಯಾಸ್ ಮಾತ್ರೆ ನುಂಗುತ್ತ ವರ್ಷಗಟ್ಟಲೆ ಕಳೆಯುವ ಬದಲು ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರ ಇಟ್ಟು ನೋಡಿ. ಎಡಮಗ್ಗುಲಿಗೆ ಮಲಗಿದರೂ ಅನುಕೂಲ.

ಮಾಡುವುದು ಹೇಗೆ? ಒಂದೇ ದಿನ ಹತ್ತರಿಂದ ಏಳಕ್ಕೆ ತರಲು ಹೋಗಬೇಡಿ, ಮನೆಯವರು ಬೈಯುತ್ತಾರೆ. ವಾರಕ್ಕೆ ಅರ್ಧ ಗಂಟೆಯಂತೆ ಹಿಂದಕ್ಕೆ ತನ್ನಿ. ಎಂಟರ ಹತ್ತಿರಕ್ಕೆ ಬಂದರೂ ಸಾಕಷ್ಟು ಗೆದ್ದಂತೆ. ಧಾರಾವಾಹಿ ಬಿಡಬೇಕಾಗಿಲ್ಲ, ಉಂಡು ಬಂದು ನೋಡಿ. ದೊಡ್ಡ ಮುದ್ದೆ, ಅವರೆಕಾಳು ಸಾರು, ಮಾಂಸದೂಟ ಮಧ್ಯಾಹ್ನಕ್ಕೆ ಬರಲಿ. ರಾತ್ರಿಗೆ ಸಣ್ಣ ಮುದ್ದೆ, ಬಸ್ಸಾರು, ಜಾಸ್ತಿ ಪಲ್ಯ. ಮಲೆನಾಡಿನ ಕಡೆಯವರಾದರೆ ನಾಲ್ಕು ಅಕ್ಕಿರೊಟ್ಟಿ ಎರಡಾಗಲಿ.

ಅಂಗಡಿ ಮುಚ್ಚಿ ಬರುವುದೇ ಒಂಬತ್ತೂವರೆಗೆ ಅನ್ನುವವರು ಊಟವನ್ನು ಎರಡು ಭಾಗ ಮಾಡಿ. ಆರೂವರೆಗೆ ಬೋಂಡ, ಬಜ್ಜಿಯ ಬದಲು ಡಬ್ಬಿಯಲ್ಲಿ ತಂದ ಚಪಾತಿ ಪಲ್ಯವನ್ನೋ ಬೇಯಿಸಿದ ಕಾಳನ್ನೋ ಹೊಟ್ಟೆ ತುಂಬ ತಿನ್ನಿ. ಮನೆಗೆ ಬಂದ ಮೇಲೆ ಒಂದು ಲೋಟ ಮಜ್ಜಿಗೆ ಅಥವಾ ಒಂದು ಬಟ್ಟಲು ಸಾರು ಸಾಕು.

ಶ್ರವಣಬೆಳಗೊಳದ ಜೈನರು ಸೂರ್ಯ ಮುಳುಗುವ ಮುಂಚೆ ಉಣ್ಣುತ್ತಾರೆ. ಅದು ವೈಜ್ಞಾನಿಕವಾ?

ಅವರು ಆರೋಗ್ಯದ ಲೆಕ್ಕ ಹಾಕಿ ಮಾಡಿದ ನಿಯಮ ಅಲ್ಲ ಅದು. ಕತ್ತಲಲ್ಲಿ ಅಡುಗೆ ಮಾಡಿ ಉಂಡರೆ ಹುಳಹುಪ್ಪಟೆ ಸಾಯುತ್ತವೆ, ಆದ್ದರಿಂದ ಬೇಡ ಅನ್ನುವ ಅಹಿಂಸೆಯ ನಿಯಮ. ಧರ್ಮದ ಆಚರಣೆಗೆ ವಿಜ್ಞಾನದ ಸರ್ಟಿಫಿಕೇಟ್ ಬೇಕಾಗಿಲ್ಲ. ಅದನ್ನು ಹಾಗೇ ಗೌರವಿಸಿದರೆ ಸಾಕು.

ಆದರೂ ಬೇಗ ಉಣ್ಣುವುದರ ಬಗ್ಗೆ ಒಳ್ಳೆಯ ಪ್ರಯೋಗ ಒಂದಿದೆ. 2018ರಲ್ಲಿ ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 8 ಗಂಡಸರಿಗೆ ಐದು ವಾರ ಆರು ಗಂಟೆಯ ಒಳಗೇ ಎಲ್ಲ ಊಟ ಮುಗಿಸಲು ಹೇಳಿದರು. ಕೊನೆಯ ಊಟ ಮಧ್ಯಾಹ್ನ ಮೂರಕ್ಕೆ ಮುಂಚೆ. ತೂಕ ಇಳಿಯದ ಹಾಗೆ ಊಟ ಕೊಟ್ಟರೂ ಅವರ ಇನ್ಸುಲಿನ್ ಕೆಲಸ ಸುಧಾರಿಸಿತು, ಬಿಪಿಯೂ ಇಳಿಯಿತು. ಮೂರಕ್ಕೆ ಮುಂಚೆ ದಿನದ ಊಟ ಮುಗಿಸುವುದು ಸಂಸಾರಸ್ಥರಿಗೆ ಆಗುವ ಮಾತಲ್ಲ. ನಮ್ಮ ಕಡೆ ಸೂರ್ಯ ಮುಳುಗುವುದು ಕಾಲಕ್ಕೆ ತಕ್ಕಂತೆ ಸುಮಾರು ಆರರಿಂದ ಏಳರ ನಡುವೆ. ಆ ಹೊತ್ತಿಗೆ ಉಂಡು ಅಭ್ಯಾಸ ಇರುವವರು ಬಿಡಬೇಡಿ ಅಂತಷ್ಟೇ ಹೇಳುತ್ತೇನೆ.

16 ಗಂಟೆ ಉಪವಾಸ ಇದ್ದು 8 ಗಂಟೆಯಲ್ಲಿ ಎಲ್ಲ ತಿಂದರೆ ತೂಕ ಇಳಿಯುತ್ತದಂತೆ?

ಇಳಿಯುತ್ತದೆ, ಆ 8 ಗಂಟೆಯಲ್ಲಿ ಕಮ್ಮಿ ತಿಂದರೆ. ಈ ಹುಚ್ಚು ಹಬ್ಬಿದ್ದಕ್ಕೆ ಒಂದು ಕಾರಣ ಇಲಿಗಳು. 2012ರಲ್ಲಿ ಪಾಂಡಾ ಅವರ ತಂಡ ಇಲಿಗಳಿಗೆ ಕೊಬ್ಬಿನ ಆಹಾರ ಹಾಕಿತು. ಯಾವಾಗ ಬೇಕಾದರೂ ತಿಂದ ಇಲಿಗಳು ದಪ್ಪಗಾದವು. ಅಷ್ಟೇ ಆಹಾರವನ್ನು 8 ಗಂಟೆಯ ಒಳಗೆ ತಿಂದವು ಅಷ್ಟು ದಪ್ಪಗಾಗಲಿಲ್ಲ. ಮನುಷ್ಯರಲ್ಲಿ ಕಥೆ ಇಷ್ಟು ಚೆಂದ ಇಲ್ಲ. 2020ರಲ್ಲಿ ಅಮೆರಿಕದಲ್ಲಿ 116 ಜನರ ಮೇಲೆ ನಡೆದ ಅಧ್ಯಯನದಲ್ಲಿ ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ಮಾತ್ರ ತಿಂದವರಿಗೂ ಮೂರು ಹೊತ್ತು ಉಂಡವರಿಗೂ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. 2022ರಲ್ಲಿ ಚೀನಾದ ಗುವಾಂಗ್‌ಝೌನಲ್ಲಿ 139 ಜನರನ್ನು ಒಂದು ವರ್ಷ ನೋಡಿದರು. ಎಲ್ಲರಿಗೂ ಕ್ಯಾಲೊರಿ ಕಮ್ಮಿ ಮಾಡಿದ್ದರು, ಅರ್ಧ ಜನಕ್ಕೆ ಬೆಳಗ್ಗೆ 8ರಿಂದ ಸಂಜೆ 4ರ ಗಡುವೂ ಇತ್ತು. ಎರಡೂ ಗುಂಪಿನವರು ಇಳಿದರು, ಗಡುವಿನಿಂದ ಹೆಚ್ಚಿನ ಲಾಭ ಆಯಿತು ಅಂತ ಸಾಬೀತಾಗಲಿಲ್ಲ.

ಕ್ಯಾಲೊರಿ ಎಣಿಸುವುದು ತಲೆನೋವು ಅನ್ನುವವರಿಗೆ ಗಡಿಯಾರ ನೋಡುವುದು ಸುಲಭ. ಆ ಮಟ್ಟಿಗೆ ಇದು ಒಳ್ಳೆಯ ಉಪಾಯ. ನಾನು ಸಾಮಾನ್ಯವಾಗಿ 12 ಗಂಟೆ ಹೇಳುತ್ತೇನೆ. ರಾತ್ರಿ ಎಂಟಕ್ಕೆ ಮುಗಿಸಿದರೆ ಬೆಳಗ್ಗೆ ಎಂಟಕ್ಕೆ ತಿಂಡಿ. ಅಷ್ಟನ್ನು ವರ್ಷಪೂರ್ತಿ ಮಾಡಬಹುದು. ಬಸುರಿಯರು, ಹಾಲುಣಿಸುವವರು, ಬೆಳೆಯುವ ಮಕ್ಕಳು, ಮೊದಲೇ ತೂಕ ಕಮ್ಮಿ ಇರುವವರು 16 ಗಂಟೆಯ ಸಾಹಸಕ್ಕೆ ಹೋಗಬೇಡಿ.

16 ಗಂಟೆ ಆದ ಕೂಡಲೇ ದೇಹ ತನ್ನ ಕಸವನ್ನು ತಾನೇ ಸುಡುತ್ತದೆ, ಅದಕ್ಕೆ ನೊಬೆಲ್ ಕೊಟ್ಟಿದ್ದಾರೆ ಅನ್ನುವ ವಿಡಿಯೊ ಬಂತು.

ನೊಬೆಲ್ ನಿಜ. 2016ರಲ್ಲಿ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ ಬಂತು. ಜೀವಕೋಶಗಳು ಹಳೆಯ ಭಾಗಗಳನ್ನು ಒಡೆದು ಮತ್ತೆ ಬಳಸುವ ವಿಧಾನವನ್ನು ಅವರು ಕಂಡುಹಿಡಿದದ್ದು ಯೀಸ್ಟ್‌ನಲ್ಲಿ. ಮನುಷ್ಯ ಬೆಳಗ್ಗೆ ಇಡ್ಲಿ ಬಿಟ್ಟರೆ ಹದಿನಾರನೆಯ ಗಂಟೆಗೆ ಸ್ವಿಚ್ ಬೀಳುತ್ತದೆ ಅಂತ ಅವರು ಹೇಳಿಲ್ಲ.

ಬೆಳಗ್ಗೆ ತಿಂಡಿ ಬಿಟ್ಟರೆ ತೊಂದರೆಯಾ?

ತಿಂಡಿ ಬಿಟ್ಟ ಮಾತ್ರಕ್ಕೆ ಮೆಟಬಾಲಿಸಂ ಕುಸಿಯುವುದಿಲ್ಲ. ಆರೋಗ್ಯವಂತ ದೊಡ್ಡವರು, ಹಸಿವಿಲ್ಲ ಅಂತ ಬಿಟ್ಟರೆ ಬಿಡಲಿ. ಆದರೆ ಬಿಟ್ಟವರು ಹನ್ನೊಂದಕ್ಕೆ ಬೇಕರಿಗೆ ಹೋಗಿ ಪಫ್ಸ್ ತಿನ್ನುತ್ತಾರೆ. ಅಲ್ಲಿಗೆ ಲೆಕ್ಕ ತಲೆಕೆಳಗು. ಯಾವುದಾದರೂ ಒಂದು ಊಟ ಬಿಡಲೇಬೇಕು ಅಂದರೆ ತಿಂಡಿಗಿಂತ ರಾತ್ರಿಯದ್ದು ಬಿಡಿ ಅನ್ನುವುದು ನನ್ನ ಅಭಿಪ್ರಾಯ.

ಎಂಟು ಗಂಟೆಗೆ ತೋಟದ ಕೆಲಸಕ್ಕೆ ಇಳಿಯುವವರು, ಕಾಫಿ ಕೊಯ್ಲಿನ ಕಾಲದಲ್ಲಿ ಇಡೀ ದಿನ ಗುಡ್ಡ ಹತ್ತಿ ಇಳಿಯುವವರು ತಿಂದೇ ಹೋಗಬೇಕು. ಶಾಲೆಗೆ ಹೋಗುವ ಮಕ್ಕಳೂ ಅಷ್ಟೇ. ಬಸ್ಸು ತಪ್ಪುತ್ತದೆ ಅಂತ ಖಾಲಿ ಹೊಟ್ಟೆಯಲ್ಲಿ ಓಡುವ ಮಗು ಮಧ್ಯಾಹ್ನದ ಬಿಸಿಯೂಟದವರೆಗೆ ಏನು ಪಾಠ ಕೇಳೀತು? ತಿಂಡಿಯಲ್ಲಿ ಕಾಳು, ಬೇಳೆ ಇದ್ದರೆ ಇನ್ನೊಂದು ಲಾಭ ಇದೆ. ಬೆಳಗ್ಗೆ ತಿಂದ ಕಾಳು ಮಧ್ಯಾಹ್ನದ ಊಟದ ನಂತರ ಶುಗರ್ ಏರುವುದನ್ನೂ ಸ್ವಲ್ಪ ತಡೆಯುತ್ತದೆ. ಅವರೆಕಾಯಿ ಕಾಲದಲ್ಲಿ ಅವರೆಕಾಳು ಉಪ್ಪಿಟ್ಟು ಮಾಡುವವರು ರವೆ ಕಮ್ಮಿ ಮಾಡಿ ಕಾಳು ಜಾಸ್ತಿ ಹಾಕಿ.

ಎದ್ದ ಕೂಡಲೇ ಕಾಫಿ ಬೇಕೇ ಬೇಕು. ಬಿಡಬೇಕಾ?

ಕಾಫಿ ಬೆಳೆಯುವ ಸೀಮೆಯಲ್ಲಿ ಕೂತು ಕಾಫಿ ಬಿಡಿ ಅನ್ನುವ ಧೈರ್ಯ ನನಗಿಲ್ಲ. ಹೊತ್ತು ಮಾತ್ರ ನೋಡಿಕೊಳ್ಳಿ.

ಥೈರಾಯ್ಡ್ ಮಾತ್ರೆ ನುಂಗುವವರು ಮುಖ್ಯವಾಗಿ ಗಮನಿಸಿ. ಥೈರಾಕ್ಸಿನ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಬೇಕು. ಕಾಫಿ, ತಿಂಡಿ ಎರಡೂ ಅರ್ಧದಿಂದ ಒಂದು ಗಂಟೆ ಬಿಟ್ಟು. ಕಾಫಿ ಜೊತೆಗೇ ನುಂಗಿದರೆ ಮಾತ್ರೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ಡೋಸ್ ಏರಿಸುತ್ತಲೇ ಇದ್ದಾರೆ, ಆದರೂ ಥೈರಾಯ್ಡ್ ಕೊರತೆ ಇದ್ದಾಗ ಏರುವ ಟಿಎಸ್‌ಎಚ್ ಇಳಿಯುತ್ತಿಲ್ಲ ಅನ್ನುವವರನ್ನು ನಾನು ಮೊದಲು ಕೇಳುವುದೇ ಕಾಫಿಯ ಹೊತ್ತು.

ಊಟದ ಜೊತೆಗೆ ಅಥವಾ ಊಟ ಆದ ತಕ್ಷಣ ಕಾಫಿ, ಟೀ ಕುಡಿದರೆ ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತುವುದು ಕಮ್ಮಿಯಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತ ಕಮ್ಮಿ. ಆದ್ದರಿಂದ ಒಂದು ಗಂಟೆ ಅಂತರ ಇರಲಿ. ಸಂಜೆಯ ಕಾಫಿ ನಾಲ್ಕರ ಒಳಗೆ ಮುಗಿಯಲಿ. ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಇನ್ನೊಂದು ಮಾತು, ಹಾಲು ಸಕ್ಕರೆ ಹಾಕಿದ ಕಾಫಿ ಕುಡಿದು "ನಾನು ಉಪವಾಸ" ಅನ್ನುವಂತಿಲ್ಲ.

ನಮ್ಮ ಅತ್ತೆ ಪ್ರತಿ ಶನಿವಾರ ಒಪ್ಪತ್ತು ಇರುತ್ತಾರೆ. ಅದರಿಂದ ಲಾಭ ಇದೆಯಾ?

ರಾತ್ರಿ ಏನು ತಿನ್ನುತ್ತಾರೆ ಅನ್ನುವುದರ ಮೇಲೆ ಇದೆ. ಅನ್ನ ಬಿಟ್ಟೆ ಅಂತ ಹೇಳಿ ಫಲಾಹಾರದ ಹೆಸರಲ್ಲಿ ತುಪ್ಪದ ದೋಸೆ ನಾಲ್ಕು, ಮೇಲೊಂದು ಬಟ್ಟಲು ಕೇಸರಿಬಾತ್ ಆದರೆ ದೇವರು ಮೆಚ್ಚಿಯಾನು, ಶುಗರ್ ಮೀಟರ್ ಮೆಚ್ಚುವುದಿಲ್ಲ. ಹಣ್ಣು, ಹಾಲು, ಹೆಸರುಬೇಳೆ ಕೋಸಂಬರಿಯಲ್ಲಿ ಮುಗಿಸುವವರಾದರೆ ವಾರಕ್ಕೊಂದು ದಿನ ಹೊಟ್ಟೆಗೆ ಬಿಡುವು ಸಿಕ್ಕಿತು, ಒಳ್ಳೆಯದೇ. ನೀರು ಮಾತ್ರ ಬಿಡಬೇಡಿ ಅಂತ ಹೇಳಿ. ಅತ್ತೆಗೆ ಶುಗರ್ ಇದ್ದರೆ ಮುಂದಿನ ಉತ್ತರ ಅವರಿಗೂ ಓದಿ ಹೇಳಿ.

ಶುಗರ್ ಮಾತ್ರೆ ತೆಗೆದುಕೊಳ್ಳುವವರು ಊಟ ಬಿಡಬಹುದಾ, ಹೊತ್ತು ಬದಲಿಸಬಹುದಾ?

ಡಾಕ್ಟರನ್ನು ಕೇಳದೆ ಬೇಡ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಅಂದರೆ ಇದನ್ನು ಓದುವ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಇರುತ್ತಾರೆ.

ಗ್ಲಿಮೆಪಿರೈಡ್ ಥರದ ಮಾತ್ರೆ ನುಂಗಿ, ಅಥವಾ ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು. ಕೈ ನಡುಕ, ಬೆವರು, ಎದೆ ಬಡಿತ, ತಲೆ ಸುತ್ತು, ಇದ್ದಕ್ಕಿದ್ದಂತೆ ಸಿಡುಕು, ಇವು ಲಕ್ಷಣ. ಶುಗರ್ ಮೀಟರಿನಲ್ಲಿ 70ಕ್ಕಿಂತ ಕೆಳಗೆ ಬಂದರೆ ತಡಮಾಡದೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆ ನುಂಗುವವರು ಉದ್ದ ಉಪವಾಸ ಮಾಡಿದರೆ ಬೇರೆ ಥರದ ಅಪಾಯ: ಶುಗರ್ ತೀರಾ ಏರದೇ ಇದ್ದರೂ ರಕ್ತ ಆಮ್ಲೀಯವಾಗಬಹುದು. ಏಕಾದಶಿ ಇರಲಿ, ರಂಜಾನ್ ಇರಲಿ, ಮಾತ್ರೆಯ ಡೋಸ್ ಮತ್ತು ಹೊತ್ತನ್ನು ಮೊದಲೇ ಕೇಳಿ ಬದಲಿಸಿಕೊಂಡು ಉಪವಾಸ ಹಿಡಿಯಬೇಕು.

ರಾತ್ರಿ ಪಾಳಿಯವರು ಯಾವಾಗ ಉಣ್ಣಬೇಕು?

ಹಾಸನದಲ್ಲಿ ಈ ಪ್ರಶ್ನೆ ಸುಮ್ನೆ ಬರುವುದಲ್ಲ. 1982ರಿಂದ ಉಪಗ್ರಹಗಳನ್ನು ಕಾಯುತ್ತಿರುವ ಇಸ್ರೋದ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ, ಆಸ್ಪತ್ರೆಗಳಿವೆ, ಕಾರ್ಖಾನೆಗಳಿವೆ. ಶಿರಾಡಿ ಘಾಟಿಯಲ್ಲಿ ರಾತ್ರಿಯಿಡೀ ಲಾರಿ ಓಡಿಸುವವರಿದ್ದಾರೆ.

2021ರಲ್ಲಿ ಬಾಸ್ಟನ್‌ನಲ್ಲಿ 19 ಜನರನ್ನು ಲ್ಯಾಬಿನಲ್ಲಿ ರಾತ್ರಿ ಪಾಳಿಯಂತೆ ಎಚ್ಚರ ಇರಿಸಿದರು. ರಾತ್ರಿ ಹೊತ್ತೂ ಉಂಡವರ ಶುಗರ್ ಏರಿತು. ಹಗಲಲ್ಲಿ ಮಾತ್ರ ಉಂಡವರದು ಏರಲಿಲ್ಲ. ಆದ್ದರಿಂದ ಪಾಳಿಗೆ ಹೊರಡುವ ಮುಂಚೆ, ಏಳೂವರೆ ಎಂಟರ ಒಳಗೆ ಸರಿಯಾದ ಊಟ ಮುಗಿಸಿ. ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಆದಷ್ಟು ಕಮ್ಮಿ ತಿನ್ನಿ. ತೀರಾ ಹಸಿವಾದರೆ ಬೇಯಿಸಿದ ಮೊಟ್ಟೆ, ಹುರಿಗಡಲೆ, ಮಜ್ಜಿಗೆ. ಎರಡು ಗಂಟೆ ರಾತ್ರಿಯ ಪರೋಟ, ಫ್ರೈಡ್ ರೈಸ್ ಬೇಡ. ಬೆಳಗ್ಗೆ ಮನೆಗೆ ಬಂದು ಹಗುರವಾಗಿ ತಿಂಡಿ ತಿಂದು ಮಲಗಿ. ಶುಗರ್ ಮಾತ್ರೆ ಇರುವ ಚಾಲಕರು ಮಾತ್ರ ರಾತ್ರಿ ಖಾಲಿ ಹೊಟ್ಟೆಯಲ್ಲಿ ಘಾಟಿ ಇಳಿಯುವ ಪ್ರಯೋಗ ಮಾಡಬಾರದು.

ಊಟದ ಜೊತೆ ನೀರು ಕುಡಿಯಬಹುದಾ?

ಕುಡಿಯಬಹುದು.

ಊಟ ಆದ ಮೇಲೆ ನಡೆಯಬೇಕಾ, ಕೂರಬೇಕಾ?

ಹತ್ತು ನಿಮಿಷ ನಡೆಯಿರಿ. 2016ರಲ್ಲಿ ನ್ಯೂಜಿಲೆಂಡಿನಲ್ಲಿ ಸಕ್ಕರೆ ಕಾಯಿಲೆ ಇದ್ದ 41 ಜನರನ್ನು ಹೋಲಿಸಿ ನೋಡಿದರು. ದಿನಕ್ಕೊಮ್ಮೆ 30 ನಿಮಿಷ ನಡೆಯುವುದಕ್ಕಿಂತ ಪ್ರತಿ ಊಟದ ನಂತರ 10 ನಿಮಿಷ ನಡೆದಾಗ ಊಟದ ನಂತರದ ಶುಗರ್ ಸರಾಸರಿ ನೂರಕ್ಕೆ 12ರಷ್ಟು ಕಮ್ಮಿ ಇತ್ತು. ರಾತ್ರಿ ಊಟದ ನಂತರವಂತೂ 22ರಷ್ಟು. ಮಳೆಗಾಲದಲ್ಲಿ ಮಲೆನಾಡಿನವರು ಜಗಲಿಯಲ್ಲೇ ಆಚೆ ಈಚೆ ಓಡಾಡಿದರೂ ಆಯಿತು.

ಖಾಲಿ ಹೊಟ್ಟೆಯ ರಕ್ತ ಪರೀಕ್ಷೆಗೆ ಎಷ್ಟು ಹೊತ್ತು ಉಪವಾಸ?

ಕನಿಷ್ಠ 8 ಗಂಟೆ. ನೀರು ಕುಡಿಯಬಹುದು, ಕಾಫಿ ಬೇಡ, ಸಕ್ಕರೆ ಹಾಕದ ಕಾಫಿಯೂ ಬೇಡ. ಊಟದ ನಂತರದ ಪರೀಕ್ಷೆಗೆ ಎರಡು ಗಂಟೆಯನ್ನು ಮೊದಲ ತುತ್ತಿನಿಂದ ಎಣಿಸಿ. ಡಾಕ್ಟರ್ ಬೈದಾರು ಅಂತ ಅವತ್ತೊಂದು ದಿನ ಅರ್ಧ ಇಡ್ಲಿ ತಿಂದು ರಕ್ತ ಕೊಡುವವರಿದ್ದಾರೆ. ದುಡ್ಡು ಕೊಟ್ಟು ಸುಳ್ಳು ರಿಪೋರ್ಟ್ ಬರೆಸಿದ ಹಾಗಾಯಿತು. ದಿನಾ ತಿನ್ನುವಷ್ಟೇ ತಿನ್ನಿ.

ಬೀಗರ ಊಟಕ್ಕೆ ಹೋದರೆ ಎಲೆ ಮುಂದೆ ಕೂರುವುದೇ ಮೂರು ಗಂಟೆಗೆ. ಅವತ್ತು ಏನು ಮಾಡಬೇಕು?

ಬೆಳಗ್ಗೆ ತಿಂಡಿ ಬಿಟ್ಟು ಹೋಗಬೇಡಿ. ಮೂರರವರೆಗೆ ಹಸಿದವರು ಎಲೆ ನೋಡಿದ ಕೂಡಲೇ ಲೆಕ್ಕ ಮರೆಯುತ್ತಾರೆ. ಮೊದಲು ಸೌತೆಕಾಯಿ ಹೋಳು, ಪಲ್ಯ, ಮಾಂಸದ ಚೂರು ತಿನ್ನಿ, ಮುದ್ದೆ, ಅನ್ನ ಆಮೇಲೆ. ಹೀಗೆ ಮಾಡಿದರೆ ಶುಗರ್ ಒಮ್ಮೆಲೇ ಏರುವುದಿಲ್ಲ. ಅವತ್ತು ರಾತ್ರಿ ಹಸಿವಿಲ್ಲದಿದ್ದರೆ ಊಟ ಬೇಡ, ಮಜ್ಜಿಗೆ ಕುಡಿದು ಮಲಗಿ. ಮಾತ್ರೆ, ಇನ್ಸುಲಿನ್ ಇರುವವರು ಮಧ್ಯಾಹ್ನದ ಡೋಸನ್ನು ಮನೆಯಲ್ಲೇ ಹಾಕಿಕೊಂಡು ಹೋಗದೆ ಜೊತೆಯಲ್ಲಿ ಒಯ್ಯಿರಿ, ಬಡಿಸಲು ಶುರುವಾದದ್ದು ಕಣ್ಣಾರೆ ಕಂಡ ಮೇಲೆ ತೆಗೆದುಕೊಳ್ಳಿ. ರಾತ್ರಿಯ ಡೋಸ್ ಏನು ಮಾಡಬೇಕು ಅನ್ನುವುದನ್ನು ಹೊರಡುವ ಮುಂಚೆಯೇ ಡಾಕ್ಟರಿಗೆ ಫೋನ್ ಮಾಡಿ ಕೇಳಿಕೊಳ್ಳಿ.